ಗಾಜು ತಿನ್ನುವ ನೀರು

“ಬ್ಯಾಡ, ಅದು ಬ್ಯಾಡ ಸುಬ್ಬತ್ತೆ!”

ಬಚ್ಚಲೊಲೆಯ ಹಿಂದಿನ ಗೂಡಿನಿಂದ ಸುಬ್ಬಮ್ಮ ಎತ್ತಿಕೊಂಡಿದ್ದ ಬೂದುಬಣ್ಣದ ಚೊಂಬನ್ನು ಕೃಷ್ಣಮ್ಮ ಎರಡು ಕೈಯಿಂದ ಹಿಡಿದು ಕಿತ್ತುಕೊಂಡಳು. ಆ ರಭಸಕ್ಕೆ ಮುಚ್ಚಳದ ಸುತ್ತ ಮೆತ್ತಿದ್ದ ಮೇಣ ಬಿರುಕು ಬಿಟ್ಟಿತು. ಏನೋ ತಣ್ಣಗೆ ಅವಳ ಬಲಗೈಯ ಮಣಿಕಟ್ಟಿನ ಮೇಲೆ ಇಳಿಯಿತು.

“ಏನೇ ಇದು? ಎಣ ತೊಳೆಯಾಕೆ ಒಂದ್ ಚೊಂಬು ತಕಂಡ್ರೆ ಚಿನ್ನದ ಕೊಪ್ಪರಿಗೆ ಒತ್ಕಂಡ್ ಓಯ್ತಿದೀನೇನೋ ಅನ್ನೋ ಅಂಗೆ ಕಿತ್ಕೊಂತೀಯಲ್ಲ!”

“ಅದು ತೂತು. ಸೋರ್ತದೆ. ತಾಮ್ರದ್ದು ಕೊಡ್ತೀನಿ ಇರಿ.”

ಸುಬ್ಬಮ್ಮ ಕೃಷ್ಣಮ್ಮನ ತೀರಿಕೊಂಡ ಅತ್ತೆಯ ನಾದಿನಿ. ಸುದ್ದಿ ತಿಳಿದ ಕೂಡಲೇ ತಮ್ಮನ ಜೊತೆ ಬ್ಯಾಟರಾಯನಪುರದಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದಳು. ಅವಳು ಗೊಣಗಿಕೊಂಡೇ ತಾಮ್ರದ ಚೊಂಬನ್ನು ತೆಗೆದುಕೊಂಡು ಹಿತ್ತಲಿಗೆ ಹೋದಳು. ಅಲ್ಲಿ ಹಲಗೆಯ ಮೇಲೆ ಒರಗಿಸಿ ಕೂರಿಸಿದ್ದ ರಾಮಲಕ್ಷ್ಮಮ್ಮನ ತಲೆಯ ಮೇಲೆ ಹೆಂಗಸರು ಬಿಸಿನೀರು ಹುಯ್ಯುತ್ತಿದ್ದರು.

ಕೃಷ್ಣಮ್ಮ ಚೊಂಬನ್ನು ಎದೆಯಿಂದ ದೂರ ಹಿಡಿದು ಕೆಲಸದ ಕೋಣೆಗೆ ತಂದು, ಮರಳು ತುಂಬಿದ ಬುಟ್ಟಿಯಲ್ಲಿ ಕತ್ತಿನವರೆಗೆ ಹೂತಿಟ್ಟಳು. ಅತ್ತೆ ಹಾಸಿಗೆ ಹಿಡಿದಾಗಿನಿಂದ ಕೃಷ್ಣಮ್ಮ ಅದನ್ನು ಹುಡುಕುತ್ತಿದ್ದಳು. ಕೇಳಿದಾಗಲೆಲ್ಲ ಕೆಮ್ಮಿನ ನಡುವೆ, “ಯಾರಿಗೂ ಸಿಗದ ಕಡೆ ಇಟ್ಟಿದೀನಿ, ಬಿಡು,” ಎಂದಷ್ಟೇ ಹೇಳುತ್ತಿದ್ದಳು ಮುದುಕಿ.

ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಈಗಷ್ಟೇ ಅತ್ತೆಯ ಮೈಗೆ ನೀರು ಹುಯ್ದು ಬಂದಿದ್ದರಿಂದ ಮೊಣಕೈವರೆಗೂ ಒದ್ದೆಯಾಗಿತ್ತು. ಮಣಿಕಟ್ಟಿನ ಮೇಲೆ ಇಳಿದದ್ದು ಆ ನೀರೇ ಇರಬಹುದು. ಚೊಂಬಿನೊಳಗಿನದೂ ಇರಬಹುದು. ತೊಟ್ಟಿಯಲ್ಲಿ ಕೈ ಅದ್ದಿ ತೊಳೆದಳು, ಮತ್ತೆ ತೊಳೆದಳು. ಕೆಂಪಾಗಿರಲಿಲ್ಲ, ಉರಿಯುತ್ತಿರಲಿಲ್ಲ.

ಉರಿಯದೆ ಇರುವುದಕ್ಕೇ ಅವಳು ಹೆದರಿ ಮೂರನೆಯ ಸಲ ಕೈ ಅದ್ದಿದಳು.

* * *

ರಾಮಲಕ್ಷ್ಮಮ್ಮನ ಗಂಡ ಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಮಿಲಿಟರಿ ಬ್ಯಾರಕ್ಕುಗಳಿಗೆ ಕಿಟಕಿ ಗಾಜು ಕೂರಿಸುತ್ತಿದ್ದ. ಅವನು ಸತ್ತಾಗ ಯಲಹಂಕದ ಈ ಮನೆಯಲ್ಲಿ ಉಳಿದದ್ದು ಒಬ್ಬ ಮಗ ಮತ್ತು ಒಣಹುಲ್ಲಿನ ನಡುವೆ ಜೋಡಿಸಿಟ್ಟ ಗಾಜಿನ ಹಾಳೆಗಳು. ಬಂದಷ್ಟಕ್ಕೆ ಮಾರಿಬಿಡು ಎಂದರು ಎಲ್ಲರೂ. ಅವಳು ಮಾರಲಿಲ್ಲ. ಯಶವಂತಪುರದಲ್ಲಿ ಕನ್ನಡಿಗಳ ಮೇಲೆ ಹೂಬಳ್ಳಿ ಮೂಡಿಸುತ್ತಿದ್ದ ಖಾದರ್ ಬಾಷಾನ ಅಂಗಡಿಯ ಮುಂದೆ ಹೋಗಿ ಕೂತಳು.

“ಹೆಂಗಸ್ರಿಗಲ್ಲಮ್ಮ ಈ ಕೆಲ್ಸ. ತೇಜಾಬ್ ಇದು, ಸುಡ್ತದೆ,” ಎಂದ ಅವನು.

“ದಿನಾ ಒಲೆ ಮುಂದೆ ಕೂರೋಳಿಗೆ ಸುಡೋದೇನ್ ಹೊಸದಾ ಸಾಬ್ರೇ?”

ಅವನು ನಕ್ಕು ಕಲಿಸಿದ. ಗಾಜಿಗೆ ಮೇಣ ಬಳಿಯಬೇಕು. ಮೇಣದಲ್ಲಿ ಸೂಜಿಯಿಂದ ಚಿತ್ರ ಗೀರಬೇಕು. ಗೀರಿದ ಕಡೆಗೆ ತೇಜಾಬು ಎಂಬ ಆಮ್ಲ ಸವರಿದರೆ ಅದು ಅಷ್ಟೇ ಗಾಜನ್ನು ತಿಂದು ಬೆಳ್ಳಗೆ ಮಾಡುತ್ತದೆ. ಮೇಣ ತೆಗೆದಾಗ ಮಂಜಿನಲ್ಲಿ ಬರೆದ ಹಾಗೆ ನವಿಲು, ಬಳ್ಳಿ, ಕಳಶ. ಗಾಜನ್ನೇ ತಿನ್ನುವುದನ್ನು ಗಾಜಿನ ಶೀಶೆಯಲ್ಲಿ ಇಡುವಂತಿಲ್ಲ. ಅದಕ್ಕೇ ಆ ಬೂದುಬಣ್ಣದ ಸೀಸದ ಚೊಂಬು.

ಕೆಲಸ ಕಲಿತಳು, ಕೆಲಸ ಕೊಡುವವರಿರಲಿಲ್ಲ. ಆಗ ರಾಮಲಕ್ಷ್ಮಮ್ಮ ಒಂದು ದೊಡ್ಡ ಕನ್ನಡಿಯ ಸುತ್ತ ದ್ರಾಕ್ಷಿಬಳ್ಳಿ ಮೂಡಿಸಿ, ಮೇಲ್ಗಡೆ ‘ಯಲಹಂಕ ರಾಮಲಕ್ಷ್ಮಮ್ಮ, ಗಾಜಿನ ಚಿತ್ರದ ಕೆಲಸ’ ಎಂದು ಬರೆದು, ಕೌದಿಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತುಕೊಂಡು ಹೋಗಿ ಯಶವಂತಪುರದ ಸ್ಟೇಷನ್ನಿನ ಎದುರಿನ ಕ್ಷೌರದಂಗಡಿಗೆ ಪುಕ್ಕಟೆ ಕೊಟ್ಟಳು.

“ಅಲ್ಲಮ್ಮ, ನನ್ ಗಿರಾಕಿಗಳ ಹಣೆ ಮೇಲೆಲ್ಲ ನಿನ್ ಹೆಸರೇ ಕಾಣ್ತದಲ್ಲ!” ಎಂದನಂತೆ ಅಂಗಡಿಯವನು.

“ಕಾಣ್ಲಿ. ಅರ್ಧ ಗಡ್ಡ ಕೆರೆದು ಕೂರಿಸಿರ್ತೀಯ, ಎದ್ದು ಎಲ್ಲಿಗೋದಾರು? ಓದ್ಲಿ.”

ಓದಿದವರಲ್ಲಿ ಒಬ್ಬ ಹೋಟೆಲಿನ ಬಾಗಿಲಿಗೆ ಕಮಲ ಬೇಕೆಂದು ಬಂದ. ಹೆಬ್ಬಾಳದ ಬಂಗಲೆಯೊಂದರ ವರಾಂಡಕ್ಕೆ ನವಿಲುಗಳಾದವು. ಆಮೇಲೆ ಮದುವೆಯ ಲೋಟಗಳು ಶುರುವಾದವು, ಹುಡುಗ ಹುಡುಗಿಯ ಹೆಸರಿನ ಸುತ್ತ ಬಾಸಿಂಗದ ಹೂವು. ಸೊಸೆಯಾಗಿ ಬಂದ ಕೃಷ್ಣಮ್ಮನ ಕೈ ಸೂಜಿಗೆ ಎಷ್ಟು ಚೆನ್ನಾಗಿ ಒಗ್ಗಿತೆಂದರೆ ಚಿತ್ರ ಗೀರುವುದೆಲ್ಲ ಅವಳದೇ ಆಯಿತು.

ತೇಜಾಬಿನ ಕೆಲಸ ಮಾತ್ರ ಅತ್ತೆಯದು. ಒಳಗಿನಿಂದ ಅಗುಳಿ ಹಾಕಿಕೊಂಡು ಒಬ್ಬಳೇ ಮಾಡುತ್ತಿದ್ದಳು. ಮುಗಿದ ಮೇಲೆ ಚೊಂಬನ್ನು ಒಂದೊಂದು ದಿನ ಒಂದೊಂದು ಕಡೆ ಬಚ್ಚಿಡುತ್ತಿದ್ದಳು. ಕೃಷ್ಣಮ್ಮ ಬಾಗಿಲ ಬಳಿ ನಿಂತರೂ, “ಆಚೆಗೋಗು!” ಎಂದು ಕಿರುಚುತ್ತಿದ್ದಳು. ಪೂರ್ತಿ ಕೆಲಸ ಕಲಿತರೆ ಸೊಸೆ ತನ್ನ ಮಾತು ಕೇಳುವುದಿಲ್ಲವೆಂದು ಹೀಗೆ ಮಾಡುತ್ತಾಳೆ ಎಂದು ಕೃಷ್ಣಮ್ಮ ಅಂದುಕೊಂಡಿದ್ದಳು.

* * *

ಜಗುಲಿಯಲ್ಲಿ ಚಟ್ಟ ಕಟ್ಟುತ್ತಿದ್ದರು. ಸುಬ್ಬಮ್ಮ ಗೋಡೆಗೊರಗಿ ಕೂತಿದ್ದಳು. ಕೃಷ್ಣಮ್ಮ ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಮೆಲ್ಲಗೆ ಕೇಳಿದಳು.

“ಸುಬ್ಬತ್ತೆ, ನಿಮ್ ಚೀಲದಲ್ಲಿ ಸುಣ್ಣ ಐತಾ?”

“ಸಾವಿನ ಮನೇಲಿ ಎಲೆಅಡಿಕೆ ಬೇಕಾಯ್ತೇನೇ ನಿಂಗೆ? ನೋಡ್ರಮ್ಮ, ಅತ್ತೆ ಮೈ ಇನ್ನೂ ತಣ್ಣಗಾಗಿಲ್ಲ!”

ಹೆಂಗಸರೆಲ್ಲ ತಿರುಗಿ ನೋಡಿದರು. ಕೃಷ್ಣಮ್ಮ ತಲೆ ತಗ್ಗಿಸಿ ಸುಣ್ಣದ ಡಬ್ಬಿ ತೆಗೆದುಕೊಂಡು ಮಣಿಕಟ್ಟಿಗೂ ಬೆರಳುಗಳಿಗೂ ದಪ್ಪಗೆ ಬಳಿದುಕೊಂಡಳು. ಅತ್ತೆಯೂ ಬೆರಳಿಗೆ ತೇಜಾಬು ತಾಗಿದ ದಿನ ಸುಣ್ಣ ಬಳಿದುಕೊಂಡಿದ್ದಳು, ನೋವು ಬಂದ ಮೇಲೆ.

“ಏನಾಯ್ತೇ ಕೈಗೆ?”

“ಇರುವೆ ಕಚ್ತು.”

ನಿಜ ಹೇಳುವಂತಿರಲಿಲ್ಲ. ಕೆಲಸದ ಕೋಣೆಯ ಬಾಗಿಲಲ್ಲಿ ದೊಡ್ಡಮುನಿಯಪ್ಪ ನಿಂತಿದ್ದ. ಸುಬ್ಬಮ್ಮನ ತಮ್ಮ, ಸತ್ತವಳ ಮೈದುನ. ಗಂಡುದಿಕ್ಕಿಲ್ಲದ ಈ ಮನೆಯಲ್ಲಿ ಇವತ್ತು ಎಲ್ಲವೂ ಅವನ ಮಾತಿನಂತೆ ನಡೆಯುತ್ತಿತ್ತು. ಅವನು ಗೋಡೆಗೊರಗಿಸಿದ್ದ ಗಾಜುಗಳನ್ನು, ಮುಗಿಯದ ಮದುವೆ ಲೋಟಗಳನ್ನು ನೋಡಿ ಬೆನ್ನ ಹಿಂದೆ ಕೈ ಕಟ್ಟಿಕೊಂಡ.

“ಇದನ್ನೆಲ್ಲ ಇನ್ನ ಯಾರಮ್ಮ ಮಾಡೋರು? ಅತ್ತಿಗೆ ಗಂಡಸಿನಂಗೆ ಇದ್ಲು, ಮಾಡಿದ್ಲು. ಅದೇನೋ ಗಬ್ಬು ಒಗೆ ಕುಡುದು ಕುಡುದು ಕೆಮ್ಮಿ ಸತ್ಲು. ನೀನು ನಮ್ಮೂರಿಗೆ ಬಂದ್ಬಿಡು. ಅಟ್ಟಿ ಕೆಲ್ಸ ಇರ್ತದೆ, ಇಟ್ಟು ಇರ್ತದೆ.”

“ನೋಡಾನ ಚಿಕ್ಕಮಾವ.”

“ನೋಡಾದೇನೈತೆ? ಈ ಕ್ವಾಣೆ ಬೀಗದ ಕೈ ಕೊಡು. ಮಣ್ಣು ಮಾಡಿ ಬಂದ ಮ್ಯಾಲೆ ಸುಬ್ಬಕ್ಕ ಎಲ್ಲಾನೂ ತೊಳೆಸ್ತಾಳೆ. ಸೂತಕದ ಮನೆ, ಪಾತ್ರೆಪಡಗ ಎಲ್ಲಾ ಉಜ್ಜಬೇಕು.”

ಮನೆಯಲ್ಲಿ ಇಂಥದೊಂದು ಇದೆಯೆಂದು ತಿಳಿದರೆ ಅವನು ಗಾಜು, ಮೇಣ, ಸೂಜಿಗಳನ್ನೆಲ್ಲ ಇವತ್ತೇ ಕೆರೆಗೆ ಎಸೆಯುತ್ತಾನೆ. ಹೇಳದಿದ್ದರೆ ಯಾರೋ ಹೆಂಗಸು ಮರಳು ಬುಟ್ಟಿಗೆ ಕೈ ಹಾಕುತ್ತಾಳೆ. ಬೇರೆ ಮಾತು ಹೊಳೆಯದೆ ಕೃಷ್ಣಮ್ಮ ಎಡಗೈಯಿಂದ ಬೀಗದ ಕೈ ತೆಗೆದುಕೊಟ್ಟಳು. ಅವನು ಅದನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡ.

* * *

ಕೃಷ್ಣಮ್ಮ ಮದುವೆಯಾಗಿ ಬಂದ ವರ್ಷ. ಅತ್ತೆ ಬೆಳಿಗ್ಗೆ ತೇಜಾಬಿನ ಕೆಲಸ ಮುಗಿಸಿ ಬಂದಿದ್ದಳು. ಮಧ್ಯಾಹ್ನ ಮುದ್ದೆ ಕಟ್ಟಿದಳು. ಮಗನಿಗೆ ಬಡಿಸಿ ತಾನೂ ಉಂಡಳು. ದೀಪ ಹಚ್ಚುವ ಹೊತ್ತಿಗೆ ಬೆಂಕಿಕಡ್ಡಿ ಕೈಯಿಂದ ಬಿತ್ತು. ಹೊಸಿಲ ಬಳಿ ಕುಸಿದು ಕೂತು ಬಲಗೈಯನ್ನು ಕಂಕುಳಲ್ಲಿ ಒತ್ತಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂಳೆಯೊಳಗೆ ಯಾರೋ ಕೆಂಡ ಇಟ್ಟು ಊದುತ್ತಿದ್ದಾರೆ ಎಂದಳು. ಮೇಲೆ ನೋಡಿದರೆ ಬೆರಳುಗಳ ಮೇಲೆ ಏನೂ ಇಲ್ಲ, ತುದಿ ಸ್ವಲ್ಪ ಬಿಳಿಚಿಕೊಂಡಿತ್ತು ಅಷ್ಟೆ. ಆಮೇಲೆ ಕಪ್ಪಾಯಿತು.

ಡಾಕ್ಟರು ಎರಡು ಬೆರಳಿನ ತುದಿ ಕತ್ತರಿಸಬೇಕಾಯಿತು.

“ಬೆಳಿಗ್ಗೇನೇ ಬಂದಿದ್ರೆ ಉಳಿಸ್ತಿದ್ದೆನಲ್ಲಮ್ಮ.”

“ಬೆಳಿಗ್ಗೆ ನೋವೇ ಇರ್ಲಿಲ್ವಲ್ಲ ಸ್ವಾಮಿ.”

ಕೆಲವು ವರ್ಷಗಳ ನಂತರ ಕೃಷ್ಣಮ್ಮನ ಗಂಡ ಜ್ವರ ಬಂದು ಹೋದ. ತಿಥಿಯ ದಿನ ಬಳೆ ಒಡೆಯಲು ಸುಬ್ಬಮ್ಮ ಕಲ್ಲು ಹಿಡಿದು ಬಂದಾಗ ರಾಮಲಕ್ಷ್ಮಮ್ಮ ಮೊಂಡು ಬೆರಳಿನ ಕೈಯನ್ನು ಅಡ್ಡ ಚಾಚಿದ್ದಳು.

“ಅವಳ ಕೈ ಮುಟ್ಟಬ್ಯಾಡಿ. ಬೋಳು ಕೈ ಕಂಡ್ರೆ ಮದುವೆ ಲೋಟ ಯಾರ್ ಕೊಡ್ತಾರೆ ನಮಗೆ?”

ಮಗನ ಮಣ್ಣು ಆರುವ ಮೊದಲೇ ಲೋಟದ ಮಾತು! ಊರು ಥೂ ಎಂದಿತು. ಒಂದು ಬಳೆ ಒಡೆದರೆ ಅತ್ತೆ ತಾನೇ ಹೊಸದು ತಂದು, ಬೇಡವೆಂದರೂ ಬಿಡದೆ, ಕೃಷ್ಣಮ್ಮನ ಬಲಗೈಗೆ ಏರಿಸುತ್ತಿದ್ದಳು. ಸದಾ ಹಸಿರು ಗಾಜಿನದು. ತನ್ನ ಕೈಯನ್ನು ಅತ್ತೆ ಅಂಗಡಿಯ ಬೋರ್ಡು ಮಾಡಿಕೊಂಡಿದ್ದಾಳೆ ಎಂಬ ನೋವು ಅವಳೊಳಗೆ ಹಾಗೇ ಉಳಿದಿತ್ತು.

* * *

ಗುಂಡಿಯ ಬಳಿ ಅವಳು ಎಡಗೈಯಲ್ಲಿ ಮಣ್ಣು ಎತ್ತಿಕೊಂಡಳು.

“ಎಡಗೈಲಿ ಮಣ್ಣಾಕ್ತೀಯಾ? ಇಷ್ಟ್ ದಿನ ಅನ್ನ ಇಕ್ಕಿದೋಳಿಗೆ?” ಸುಬ್ಬಮ್ಮ ಗದರಿದಳು.

ಕೃಷ್ಣಮ್ಮ ಬಲಗೈಯಿಂದ ಮಣ್ಣು ತೆಗೆದುಕೊಂಡಳು. ಬೆರಳುಗಳು ಮಡಿಚಿದವು, ಬಿಚ್ಚಿದವು. ನೋವಿರಲಿಲ್ಲ. ಬಿಸಿಲು ಇಳಿಮುಖವಾಗಿತ್ತು. ಬಿಸಿಲಿನ ಜೊತೆ ಅವಳ ಧೈರ್ಯವೂ ಇಳಿಯುತ್ತಿತ್ತು. ಸೂಜಿ ಹಿಡಿಯುವ ಈ ಬೆರಳುಗಳು ಹೋದರೆ ಉಳಿಯುವುದು ಚಿಕ್ಕಮಾವನ ಹಟ್ಟಿಯ ಸಗಣಿ ಬುಟ್ಟಿ. ಅದನ್ನೂ ಎತ್ತುವುದಕ್ಕೆ ಕೈ ಬೇಕು.

ಕೆರೆಯ ಕಡೆ ಇಳಿಯುವಾಗ ಹೊಂಗೆಮರದ ಕೆಳಗೆ ಜೈನಾಬ್ ನಿಂತಿದ್ದಳು. ಖಾದರ್ ಬಾಷಾನ ಮಗಳು. ಈಗ ಇವರಿಗೆ ಮೇಣ ಕಾಯಿಸಿ ಕೊಡುತ್ತಿದ್ದವಳು. ಅತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು. ಕೃಷ್ಣಮ್ಮ ಗುಂಪಿನಿಂದ ಹಿಂದೆ ಉಳಿದಳು.

“ಜೈನಾಬಕ್ಕ, ಚೊಂಬಿನ ಮೇಣ ಒಡೀತು. ಕೈಗೆ ಬಿತ್ತೋ ಇಲ್ವೋ ಗೊತ್ತಾಗ್ತಿಲ್ಲ.”

ಜೈನಾಬ್ ಅಳು ನಿಲ್ಲಿಸಿದಳು. “ಯಾವಾಗ?”

“ಬೆಳಿಗ್ಗೆ.”

“ನೋವೈತಾ?”

“ಇಲ್ಲ. ಅದಕ್ಕೇ ಭಯ.”

“ಬಳೆ ನೋಡಿದ್ಯಾ?”

“ಬಳೇನಾ?”

“ಯಾ ಅಲ್ಲಾ, ನಿಮ್ಮತ್ತೆ ನಿಂಗೆ ಹೇಳ್ಲೇ ಇಲ್ವಾ? ಕೈಗೆ ಗೊತ್ತಾಗಲ್ಲ, ಬಳೆಗೆ ಗೊತ್ತಾಗ್ತದೆ ಅಂತ ನಮ್ಮ ಬಾಬಾ ಹೇಳೋರು. ತೇಜಾಬ್ ತಾಗಿದ್ರೆ ಮೊದ್ಲು ಗಾಜು ಬೆಳ್ಳಗಾಗ್ತದೆ. ಬೆರಳು ಹೋದ ದಿನ ನಿಮ್ಮತ್ತೆ ಕೈ ಬೋಳಾಗಿತ್ತು ನೋಡು. ನಿನ್ ಕೈಗೆ ಬಳೆ ಯಾಕ್ ಉಳಿಸಿದ್ಲು ಅಂದ್ಕೊಂಡಿದ್ದೆ?”

“ಮದುವೆ ಲೋಟಕ್ಕೆ ಅಂತ...”

“ಅದು ಊರೋರ ಬಾಯಿ ಮುಚ್ಚಕ್ಕೆ. ಇದನ್ನ ಹೇಳಿದ್ರೆ ಅವ್ರು ಕೆಲ್ಸಾನೇ ನಿಲ್ಲಿಸ್ತಿದ್ರು. ನಿಂಗೆ ಹೇಳಿದ್ರೆ, ಧೈರ್ಯ ಬಂದು ನೀನೂ ಮುಟ್ಟೋಕ್ ಹೋಗ್ತೀಯ ಅಂತ ಹೆದರ್ಕೊಂಡಿದ್ಲು. ಎಷ್ಟ್ ಹೆದರೋಳು ಗೊತ್ತಾ ಅವಳು? ಕೆಲ್ಸಕ್ಕೆ ಕೂರೋ ಮುಂಚೆ ಪ್ರತಿ ಸಲ ಕೈ ನಡುಗೋದು.”

ಕೃಷ್ಣಮ್ಮ ಮಣಿಕಟ್ಟಿನ ಕಡೆ ನೋಡಿದಳು. ಸುಣ್ಣ ಮತ್ತು ಮಣ್ಣು ಮೆತ್ತಿಕೊಂಡು ಬಳೆಗಳು ಕಾಣುತ್ತಲೇ ಇರಲಿಲ್ಲ.

ಕೆರೆಯ ಕಲ್ಲಿನ ಮೇಲೆ ಸುಬ್ಬಮ್ಮ ಕಾದು ಕೂತಿದ್ದಳು. ಮಗ್ಗುಲಲ್ಲಿ ಒಂದು ಗುಂಡುಕಲ್ಲು. “ಬಾರೇ. ಅಡ್ಡ ನಿಲ್ಲೋಳು ಒಂಟೋದ್ಲು. ಅವತ್ತು ಬಿಟ್ಟಿದ್ದನ್ನ ಇವತ್ತು ಮುಗಿಸಾನ. ಕೈ ಕೊಡು.”

“ಒಂದ್ ನಿಮಿಷ ಸುಬ್ಬತ್ತೆ. ತೊಳ್ಕೊಂಡು ನೋಡ್ತೀನಿ.”

“ಒಡೆಯೋ ಬಳೇನ ತೊಳೀತಾರೇನೇ?”

ಕೃಷ್ಣಮ್ಮ ನೀರಿನಲ್ಲಿ ಕೈಯಿಟ್ಟು ನಿಧಾನವಾಗಿ ಉಜ್ಜಿದಳು. ಸುಣ್ಣ ಹಾಲಿನಂತೆ ಹರಡಿ ಹೋಯಿತು. ಕೈಯನ್ನು ಬಿಸಿಲಿಗೆ ಎತ್ತಿದಳು. ಹಿಂದೆಯೇ ಬಂದಿದ್ದ ಜೈನಾಬ್ ಬಗ್ಗಿ ನೋಡಿದಳು.

ನಾಲ್ಕು ಬಳೆಗಳು. ಅಂಗೈಗೆ ಹತ್ತಿರವಿದ್ದ ಬಳೆಯನ್ನು ಕೃಷ್ಣಮ್ಮ ಬೆರಳಿನಿಂದ ಉಜ್ಜಿದಳು. ಒದ್ದೆ ಸೆರಗಿನಿಂದ ಮತ್ತೆ ಉಜ್ಜಿದಳು. ಬಿಳುಪು ಹೋಗಲಿಲ್ಲ.

ಅವಳು ಎದ್ದು ನಿಂತಳು. ಗಂಡಸರು ಸ್ನಾನ ಮುಗಿಸಿ ದಂಡೆಯ ಮೇಲೆ ಪಂಚೆ ಹಿಂಡುತ್ತಿದ್ದರು.

“ಚಿಕ್ಕಮಾವ, ಬೀಗದ ಕೈ ಕೊಡಿ. ಆ ಕ್ವಾಣೆ ಒಳಕ್ಕೆ ಯಾರೂ ಓಗಬಾರ್ದು. ಮರಳು ಬುಟ್ಟೀಲಿರೋ ಚೊಂಬಲ್ಲಿ ವಿಷ ಐತೆ. ಗಾಜು ತಿನ್ನೋ ನೀರು. ಅತ್ತೆ ಬೆರಳು ತಿಂದಿದ್ದು ಅದೇ. ಇವತ್ತು ನನ್ ಕೈಗೂ ಬಿದ್ದೈತೆ.”

“ವಿಷಾನಾ? ಮನೇಲಿ ವಿಷ ಮಡಿಕ್ಕಂಡು ನಮ್ಗೆ ನೀರು ಕೊಟ್ರಾ?” ದೊಡ್ಡಮುನಿಯಪ್ಪನ ದನಿ ಒಡೆಯಿತು. “ಎಲ್ಲಾ ಎತ್ತಿ ಕೆರೆಗ್ ಬಿಸಾಕ್ತೀನಿ!”

“ಎತ್ತೋರು ಯಾರು? ನೀವು ಮುಟ್ತೀರಾ?” ಅವಳು ಎಡಗೈ ಚಾಚಿದಳು. “ಹೆಂಗ್ ಮುಟ್ಟಬಾರ್ದು ಅಂತ ನಮ್ಮನೇಲಿ ಗೊತ್ತಿರೋದು ಇನ್ನ ನನಗೊಬ್ಬಳಿಗೇ.”

ಅವನು ಉಡಿದಾರದಿಂದ ಬೀಗದ ಕೈ ಬಿಚ್ಚಿದ. ಅವಳ ಕೈಗೆ ಕೊಡಲಿಲ್ಲ. ಕಾಲ ಬಳಿ ನೆಲಕ್ಕೆ ಹಾಕಿ ಹಿಂದೆ ಸರಿದ. ಸುಬ್ಬಮ್ಮ ಬೆಳಿಗ್ಗೆ ಆ ಚೊಂಬು ಎತ್ತಿದ್ದ ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಗುಂಡುಕಲ್ಲು ಅಲ್ಲೇ ಬಿದ್ದಿತ್ತು.

ಜೈನಾಬ್ ರಸ್ತೆಗೆ ಓಡಿ ಜಟಕಾ ನಿಲ್ಲಿಸಿದಳು. “ಡಾಕ್ಟರ ಮನೆಗೆ ಬೇಗ ಹೊಡಿಯಪ್ಪ!”

“ಯಾರಿಗಮ್ಮ ನೋವು?” ಇಬ್ಬರನ್ನೂ ನೋಡಿ ಕೇಳಿದ ಗಾಡಿಯವನು.

“ಇನ್ನೂ ಯಾರಿಗೂ ಇಲ್ಲ,” ಎಂದಳು ಕೃಷ್ಣಮ್ಮ.

ಕುದುರೆ ಓಡಿತು. ಅವಳು ಬಲಗೈಯನ್ನು ಮೈಯಿಂದ ದೂರ, ಬೇರೆಯವರ ಕೂಸನ್ನು ಹಿಡಿದ ಹಾಗೆ, ಮುಂದಕ್ಕೆ ಹಿಡಿದು ಕೂತಳು. ಗಾಡಿ ಕುಲುಕಿದಾಗಲೆಲ್ಲ ಬಳೆಗಳು ಒಂದಕ್ಕೊಂದು ತಾಕಿ ಸದ್ದಾಗುತ್ತಿದ್ದವು. ಇಳಿಬಿಸಿಲಿನಲ್ಲಿ ಮೂರು ಬಳೆ ಹಸಿರಾಗಿ ಮಿನುಗುತ್ತಿದ್ದವು. ನಾಲ್ಕನೆಯದರ ಒಂದು ಮಗ್ಗುಲು, ಯಾರೋ ಹತ್ತಿರ ಬಂದು ಉಸಿರು ಬಿಟ್ಟ ಕನ್ನಡಿಯ ಹಾಗೆ, ಮಂಕಾಗಿತ್ತು.