ಮೊದಲ ಕ್ಯಾನಿನ ಹಾಲು

೨೦೨೫ರ ಜುಲೈ ೧೪, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಹೆಸರಘಟ್ಟದ ಹತ್ತಿರದ ಒಂದು ಊರಿನ ಹಾಲಿನ ಡೈರಿಯಲ್ಲಿ ಮುನಿವೆಂಕಟಮ್ಮನ ಕ್ಯಾನನ್ನು ಮತ್ತೆ ಪಕ್ಕಕ್ಕೆ ಸರಿಸಿದರು. ಹಾಲಿನ ಗಟ್ಟಿತನ ಅಳೆಯುವ ಯಂತ್ರ ೨೪ ಡಿಗ್ರಿ ತೋರಿಸಿತ್ತು. ೨೭ಕ್ಕಿಂತ ಕಡಿಮೆ ಬಂದರೆ ಹಾಲಿಗೆ ನೀರು ಬೆರೆಸಿದ್ದಾರೆಂದೇ ಅಲ್ಲಿನವರ ತೀರ್ಮಾನ.

“ಹನ್ನೆರಡು ದಿನದಲ್ಲಿ ಐದು ಸಲ ಕಣಮ್ಮ. ನಾಳೆಯಿಂದ ನಿನ್ ಹಾಲು ತಗೊಳಲ್ಲ,” ಎಂದರು ಕಾರ್ಯದರ್ಶಿ ಕೃಷ್ಣಯ್ಯ.

“ನೀರು ಆಕಿದ್ರೆ ನನ್ ಕೈ ಬಿದ್ದೋಗ್ಲಿ! ನಾನೂ ಕದಲಲ್ಲ, ಕ್ಯಾನೂ ಕದಲಲ್ಲ.” ಆಕೆ ಬಾಗಿಲಿಗೆ ಅಡ್ಡಲಾಗಿ ಕೂತೇಬಿಟ್ಟಳು.

ಅರ್ಧ ಲೀಟರ್ ಹಾಲಿಗೆಂದು ಬಂದಿದ್ದ ಪ್ರತಿಭಾ ಮುಂದೆ ಬಂದಳು. ಬಾಗಲಕೋಟೆ ಕಡೆಯ ಈಕೆ ಯಲಹಂಕದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. “ಸರ, ದಿನಾ ಡಿಗ್ರಿ ಬರಕೊಳ್ಳೋ ಆ ಪುಸ್ತಕ ಒಂಚೂರು ಕೊಡ್ರಿ.”

ಪುಟ ತಿರುವಿದಳು. “ಡಿಗ್ರಿ ತಪ್ಪಿದ ಐದೂ ದಿನ ಅಮ್ಮಾರು ಮೊದಲನೇ ನಂಬರ್ ನಿಂತಾರ. ಹಿಂದ ನಿಂತ ಏಳೂ ದಿನ ಡಿಗ್ರಿ ಸರಿ ಐತಿ.”

“ಅದಕ್ಕೇನೀಗ ಮೇಡಂ? ನೀರು ಹಾಕಿದ್ರೂ ಐದು ಸಲ ಕಮ್ಮಿ ಬರುತ್ತೆ.”

“ಬರತೈತ್ರಿ. ಆದ್ರ ಒಂದ ಕಾರಣ ನೋಡಿ ತೀರ್ಪು ಕೊಡಬ್ಯಾಡ್ರಿ, ಎರಡೂ ಇಟ್ಟು ನೋಡ್ರಿ. ಮನಸ್ಸಿಗೆ ಬಂದ ಐದು ದಿನ ನೀರು ಹಾಕ್ಯಾರ ಅನ್ನೋಣ. ಹನ್ನೆರಡು ದಿನದಾಗ ಐದು ದಿನ ಆರಿಸೋ ದಾರಿ ಏಳ್ನೂರ ತೊಂಬತ್ತೆರಡು ಅದಾವ. ಅದರಾಗ ಒಂದ ಒಂದು ದಾರಿ ಈ ಪುಸ್ತಕಕ್ಕ ಕೂಡತೈತಿ. ಯಂತ್ರ ತೊಳದ ನೀರು ನಳಿಗ್ಯಾಗ ಉಳದೈತಿ ಅನ್ನೋಣ. ಆಗ ಆ ನೀರು ಕೂಡಿ ಮೊದಲ ಹಾಲಿನ ಡಿಗ್ರಿ ಪ್ರತಿ ಸಲಾನೂ ಹಿಂಗ ಇಳಿತೈತಿ. ಈಗ ಹೇಳ್ರಿ, ತಕ್ಕಡಿ ಯಾವ ಕಡೆ ವಾಲತೈತಿ?”

“ಉಳಿದ ಏಳು ದಿನ ಮೊದ್ಲು ಯಾರ ಹಾಲಪ್ಪಾ?” ಮುನಿವೆಂಕಟಮ್ಮ ಕೂತಲ್ಲಿಂದಲೇ ಕೇಳಿದಳು.

ಕೃಷ್ಣಯ್ಯ ಕನ್ನಡಕ ತೆಗೆದು ಒರೆಸತೊಡಗಿದರು. “ನಮ್ಮನೇದು. ಡಿಗ್ರಿ ಬರ್ಲಿಲ್ಲ ಅಂತ ಎರಡನೇ ಸಲ ಹಾಕಿ ಬರ್ಕೊಂಡೆ.”

“ಓಹೋ! ನಿಮ್ ಅಸೂಗೆ ಎರಡು ಸಲ, ನನಗೆ ಮಾತ್ರ ಕಳ್ಳಿ ಅಂತ ಎಸ್ರು! ಎಲ್ರ ಮುಂದೆ ನಂದೂ ಇನ್ನೊಂದು ಸಲ ಆಕಿ.”

ಕೃಷ್ಣಯ್ಯ ಸೌಟು ಎತ್ತಿಕೊಂಡರು.

ಓದುಗರೇ, ಪ್ರತಿಭಾ ಹೇಳಿದ್ದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಲೈಕ್ಲಿಹುಡ್ ಎಂಬ ಹೆಸರಿದೆ. ಯಾರಾದರೂ ಅಂಕಿ ತೋರಿಸಿ ಆರೋಪ ಹೊರಿಸಿದರೆ ತಲೆ ತಗ್ಗಿಸಬೇಡಿ. ಪುಸ್ತಕ ಕೇಳಿ. ಆರೋಪ ನಿಜವಾಗಿದ್ದರೆ ಹೀಗೆ ಕಾಣುವುದು ಎಷ್ಟು ಸಹಜ, ಬೇರೆ ಕಾರಣವಿದ್ದರೆ ಎಷ್ಟು ಸಹಜ ಎಂದು ಎರಡನ್ನೂ ಕೇಳಿ. ವಾಲಿದ ತಕ್ಕಡಿಯೂ ಕೊನೆಯ ಮಾತಲ್ಲ, ಆದ್ದರಿಂದ ಎದುರಿಗೇ ಮತ್ತೊಮ್ಮೆ ಅಳೆಯಿರಿ ಎಂದು ಪಟ್ಟು ಹಿಡಿಯಿರಿ.

ಅಂದು ಅದೇ ಕ್ಯಾನಿನ ಹಾಲನ್ನು ಎರಡನೇ ಸಲ ಅಳೆದಾಗ ಬಂದದ್ದು ೨೮.೫ ಡಿಗ್ರಿ.