ಚೀಲದೊಳಗಿನ ಜೋಳ

ಕಲ್ಲಿನ ಮೇಲೆ ಚೀಲ, ಚೀಲದ ಮೇಲೆ ಲೆನ್ಸು. ಹದಿನಾಲ್ಕು ವರ್ಷಗಳಿಂದ ಚನಮಲ್ಲಪ್ಪ ಮಾಸ್ತರರು ಹಕ್ಕಿಗಳ ಫೋಟೊ ತೆಗೆಯುತ್ತಿದ್ದದ್ದು ಹೀಗೆಯೇ. ಕ್ಯಾಮರಾ, ಉದ್ದನೆಯ ಲೆನ್ಸು ಸೇರಿ ಮೂರು ಕಿಲೋ ತೂಕ. ಕೈಯಲ್ಲಿ ಹಿಡಿದರೆ ಅಲುಗುತ್ತದೆ. ಮೂರು ಕಾಲಿನ ಸ್ಟ್ಯಾಂಡು ಹೊಳೆದಂಡೆಯ ಕರಿಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಅದಕ್ಕೆಂದೇ ಹೆಂಡತಿ ತಂಗೆವ್ವ ಬನಹಟ್ಟಿಯ ದಪ್ಪ ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿದು, ಬಿಳಿಜೋಳ ತುಂಬಿ ಕೊಟ್ಟಿದ್ದಳು. ಲೆನ್ಸು ಇಟ್ಟು ಒತ್ತಿದರೆ ಜೋಳ ಸರಿದು ಅದಕ್ಕೆ ತಕ್ಕ ಕುಳಿ ಮಾಡಿಕೊಡುತ್ತಿತ್ತು.

"ಕೂಸಿಗೆ ಹಾಸಿಗಿ ಮಾಡಿದಂಗ ಆತು ನೋಡ್ರಿ" ಎಂದು ನಕ್ಕಿದ್ದಳು.

ತಂಗೆವ್ವ ತೀರಿಕೊಂಡು ಮೂರು ವರ್ಷ. ಹೋದ ಚಳಿಗಾಲ ಅರ್ಧಕ್ಕರ್ಧ ಫೋಟೊಗಳು ಅಲುಗಿದ್ದವು. ಈ ಸಲ ಒಂದೂ ನೆಟ್ಟಗೆ ಬಂದಿಲ್ಲ. ಅರವತ್ತೆಂಟರ ಕೈ ನಡುಗುತ್ತಿದೆ ಎಂದು ಮಾಸ್ತರರು ತೀರ್ಮಾನಿಸಿದರು. ಲೆನ್ಸನ್ನು ಕೊಳ್ಳಲು ಕೇಳಿದ್ದ ಮುಧೋಳದ ಸ್ಟುಡಿಯೊದ ಶಿವಪುತ್ರನಿಗೆ ರವಿವಾರ ಸಂಜೆ ಬಂದು ಒಯ್ಯಲು ಹೇಳಿಬಿಟ್ಟರು. ಅದೇ ರವಿವಾರ ಬೆಳಿಗ್ಗೆ, ಕೊನೆಯ ಸಲವೆಂದು, ಜಮಖಂಡಿಯಿಂದ ಹೊಳೆದಂಡೆಯ ಚಿಕ್ಕಪಡಸಲಗಿಗೆ ಬಂದರು.

ಫೆಬ್ರುವರಿ ಮುಗಿಯುತ್ತಿತ್ತು. ಪಟ್ಟೆತಲೆ ಹೆಬ್ಬಾತುಗಳು ಇನ್ನೂ ಹಿನ್ನೀರಿನ ಅಂಚಿನಲ್ಲಿದ್ದವು. ಮಾಸ್ತರರು ಉಸಿರು ಹಿಡಿದು ನಲವತ್ತು ಫೋಟೊ ತೆಗೆದರು. ನಲವತ್ತರಲ್ಲೂ ಹಕ್ಕಿಗೆ ಎರಡೆರಡು ಅಂಚು.

ದಂಡೆಯ ಹೊಲದ ಸೋಮವ್ವ ಕಪ್ಪು-ಬಸಿಯಲ್ಲಿ ಚಹ ತಂದಳು. ಹಿಂದೆಲ್ಲ ತಂಗೆವ್ವ ಗಂಡನ ಜೊತೆ ಬಂದು, ಅವರ ಫೋಟೊ ಮುಗಿಯುವವರೆಗೆ ಈಕೆಯ ಕಣದಲ್ಲಿ ಕೂತಿರುತ್ತಿದ್ದಳು.

"ಛಲೋ ಬಂದುವೇನ್ರಿ ಮಾಸ್ತರ್ರ, ಫೋಟೊ?"

"ಎಲ್ಲಿ ಬರ್ತಾವ ಸೋಮವ್ವ. ಕೈ ನಡಗಾಕತ್ತಾವು. ನಮ್ಮದು ಆತು."

"ಬಸಿ ತುಂಬ ಚಾ ಹಿಡದೀರಿ, ಒಂದ ಹನಿ ತುಳುಕಿಲ್ಲ. ಎಲ್ಲಿ ನಡಗಾಕತ್ತಾವು?"

ಮಾಸ್ತರರು ತಮ್ಮ ಕೈ ನೋಡಿಕೊಂಡರು. ಅಷ್ಟರಲ್ಲಿ ಸೋಮವ್ವ ಚೀಲ ಒತ್ತಿದ್ದಳು.

"ಅಯ್ಯ, ಇದೇನ್ರಿ, ಹಪ್ಪಳಾಗೇತಿ! ಜ್ವಾಳ ಯಾವಾಗ ಬದಲ ಮಾಡೀರಿ?"

"ಬದಲ ಮಾಡೂದಂದ್ರ?"

"ತಂಗೆವ್ವಕ್ಕ ವರ್ಷಾ ರಾಶಿ ಆದ ಮ್ಯಾಲೆ ನಮ್ಮ ಕಣದಾಗ ಎರಡು ಸೇರು ಹೊಸಾ ಜ್ವಾಳ ತುಂಬಕೊಂಡು ಹೋಗ್ತಿದ್ಳು. ಹಳೇವು ನಮ್ಮ ಕೋಳಿಗೆ. 'ನುಸಿ ಬಿದ್ರ ನಮ್ಮವರ ಹಕ್ಕಿ ಅಲಗಾಡ್ತಾವ' ಅಂತಿದ್ಳು."

"ನನಗ ಒಂದಿನಾನೂ ಹೇಳಲಿಲ್ಲಲ್ಲ."

"ಉಪ್ಪಿನ ಡಬ್ಬಿ ಯಾವಾಗ ತುಂಬತೀನಿ ಅಂತ ಹೇಳಿದ್ಳೇನು?"

ಚೀಲ ಒಗೆದು ಕೊಡುತ್ತಾಳೆ ಎಂದಷ್ಟೇ ಅವರು ತಿಳಿದಿದ್ದರು. ಈಗ ತಿರುಗಿಸಿ ನೋಡಿದರು. ಮೂರು ಬದಿಗೆ ಬಿಳಿ ದಾರ, ನಾಲ್ಕನೆಯ ಬದಿಗೆ ಕೆಂಪು. ಕೆಂಪು ದಾರದ ಸುತ್ತ ಹಳೆಯ ಸೂಜಿಯ ತೂತುಗಳು, ಸಾಲು ಸಾಲಾಗಿ.

ಸೋಮವ್ವ ಕುಡುಗೋಲು ತಂದಳು. ಮಾಸ್ತರರು ಚೀಲ ಬಿಡಲಿಲ್ಲ.

"ಆಕಿ ಹೊಲಿಗಿ ಅದು."

"ಆಕೀನ ವರ್ಷಾ ಬಿಚ್ಚತಿದ್ಳು ರೀ."

ಮಾಸ್ತರರು ಕುಡುಗೋಲನ್ನು ತಾವೇ ಇಸಿದುಕೊಂಡರು. ಕೆಂಪು ದಾರವನ್ನು ಕತ್ತರಿಸಿ, ಎಳೆದು, ಅಂಗಿಯ ಜೇಬಿಗೆ ಹಾಕಿದರು. ಚೀಲ ಕೊಡವಿದಾಗ ಬಿದ್ದದ್ದು ಬೂದಿಯಂಥ ಹಿಟ್ಟು, ಟೊಳ್ಳು ಕಾಳು, ಕರಿ ನುಸಿ. ಕೋಳಿಗಳು ಓಡಿ ಬಂದವು. ಕಣದ ರಾಶಿಯಿಂದ ಎರಡು ಸೇರು ಜೋಳ ತುಂಬಿ, ಸೋಮವ್ವ ಕೊಟ್ಟ ದಬ್ಬಣ, ಗೋಣಿದಾರದಿಂದ ಬಾಯಿ ಹೊಲಿದರು.

"ಸೊಟ್ಟ ಹೊಲದೀರಿ" ಎಂದಳು ಸೋಮವ್ವ.

"ಮುಂದಿನ ವರ್ಷ ನೆಟ್ಟಗ ಹೊಲೀತೀನಿ."

ಕಲ್ಲಿನ ಮೇಲೆ ಚೀಲ ಇಟ್ಟರು. ಲೆನ್ಸು ಒತ್ತಿದಾಗ ಹೊಸ ಜೋಳ ಸರಕ್ಕನೆ ಸರಿದು ಅದನ್ನು ಹಿಡಿದುಕೊಂಡಿತು. ಮೂರು ವರ್ಷ ಕೇಳದ ಆ ಸದ್ದಿಗೆ ಅವರು ಒಂದು ಕ್ಷಣ ಬಟನ್ ಒತ್ತುವುದನ್ನೇ ಮರೆತರು. ಆಮೇಲೆ ಒತ್ತಿದರು. ಪರದೆಯಲ್ಲಿ ಹೆಬ್ಬಾತಿನ ಬಿಳಿ ತಲೆಯ ಮೇಲೆ ಎರಡು ಕರಿಪಟ್ಟೆ, ಎಣಿಸುವಷ್ಟು ನಿಚ್ಚಳ.

ಅಲ್ಲಿಂದಲೇ ಶಿವಪುತ್ರನಿಗೆ ಫೋನ್ ಮಾಡಿದರು.

"ಸಂಜೀಕ ಬರಬ್ಯಾಡಪಾ."

"ಯಾಕ್ರಿ ಸರ್, ಕೈ ಆರಾಮಾದುವೇನು?"

"ಕೈಗೇನೂ ಆಗಿರಲಿಲ್ಲೋ. ಜ್ವಾಳಕ್ಕ ನುಸಿ ಬಿದ್ದಿತ್ತು."