ಅಂಚಿನ ಹೆಬ್ಬೆರಳು

ರೊಟ್ಟಿಯ ಅಂಚಿನಲ್ಲೊಂದು ಗುಳಿ, ಹೆಬ್ಬೆರಳು ಒತ್ತಿದಷ್ಟೇ, ಬಡಿಸುವವನು ತಟ್ಟೆಗೆ ಹಾಕಿ ಮುಂದೆ ಹೋದ, ಶೇಂಗಾ ಹಿಂಡಿ ಬಂತು, ಬದನೆಕಾಯಿ ಪಲ್ಯ ಬಂತು, ಹುಗ್ಗಿಯ ಬಕೀಟು ಇನ್ನೂ ದಾಸೋಹದ ಪಂಕ್ತಿಯ ಆ ತುದಿಯಲ್ಲಿದೆ, ರೂಪಾಲಿಯ ಕಣ್ಣು ಮಾತ್ರ ಗುಳಿ ಬಿಟ್ಟು ಏಳಲೊಲ್ಲದು — ಇದು ಅವ್ವನ ಕೈ, ಬೇರೆ ಯಾರದೂ ಅಲ್ಲ. ರೊಟ್ಟಿ ಬಡಿದು ಹಂಚಿಗೆ ಹಾಕುವ ಮುಂಚೆ ಅವ್ವ ಅಂಚಿನಲ್ಲಿ ಒಂದು ಸಲ ಹೆಬ್ಬೆರಳು ಒತ್ತುತ್ತಿದ್ದಳು, ಯಾಕವ್ವಾ ಹಂಗ ಅಂದರೆ, ಉಂಡವರಿಗೆ ತಿಳೀದಿದ್ರ ಬಿಡಲಿ, ಯಾರ ಕೈ ಅಂತ ರೊಟ್ಟಿಗಾದ್ರೂ ಗೊತ್ತಿರಲಿ, ಎಂದು ನಗುತ್ತಿದ್ದಳು, ನಕ್ಕರೆ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಆ ಕನ್ನಡಕದ ಕಡ್ಡಿ ಮುರಿದಿದ್ದಕ್ಕೇ ಅಲ್ಲವೇ ಅವಳು ಆ ದಿನ ರೂಪಾಲಿಯ ತವರು ವಳಸಂಗದಿಂದ ಜತ್ತಿಗೆ ಹೊರಟಿದ್ದು, ನೆರೆಮನೆಯ ನಂದಾ ಕೇಳಿದ್ದಕ್ಕೆ, ಲಗೂನ ಬರತೀನಿ, ಒಲಿ ಮ್ಯಾಲ ಹಾಲ ಐತಿ ನೋಡಕೋ, ಎಂದು ಹೇಳಿ ಜೀಪು ಹತ್ತಿದ್ದು. ಸ್ಟ್ಯಾಂಡಿನ್ಯಾಗ ಇಳದ್ರು, ಬಾಡಿಗಿ ಕೊಟ್ರು, ನಾ ಹಿಂದ ಹೊಳ್ಳಿ ನೋಡಲಿಲ್ರಿ, ಎಂದ ಜೀಪು ಓಡಿಸುವ ಮುಕ್ತಾರ, ಎಷ್ಟು ಸಲ ಕೇಳಿದರೂ ಅದಕ್ಕೆ ಒಂದು ಮಾತು ಕೂಡಿಸಲಿಲ್ಲ, ಕಳೆಯಲಿಲ್ಲ. ಅಲ್ಲಿಂದ ಮುಂದೆ ಏನೂ ಇಲ್ಲ. ಕನ್ನಡಕದ ಅಂಗಡಿಯವನು ಅವಳನ್ನು ಕಂಡೇ ಇಲ್ಲ. ಹಾಲು ಉಕ್ಕಿ ಒಲೆ ಆರಿತ್ತು.

ಎರಡು ಶ್ರಾವಣ ಕಳೆದವು, ಕೇಳಿದಾಗಲೆಲ್ಲ ಪೊಲೀಸರು ತಪಾಸ ಚಾಲೂ ಆಹೆ, ತನಿಖೆ ನಡೆದಿದೆ, ಅನ್ನುತ್ತಾರೆ, ಪಾಪ ಅವರೂ ಏನು ಮಾಡಿಯಾರು, ಹುಡುಕಾಡಿದ್ದೇನು ಕಡಿಮೆಯೇ, ಪಂಢರಪುರ, ಸೊಲ್ಲಾಪುರ, ಅಕ್ಕಲಕೋಟೆಯಲ್ಲಿ ಕಂಡಂಗಾತು ಅಂದರು ಯಾರೋ, ಅಲ್ಲಿಗೂ ಓಡಿದ್ದಾಯಿತು, ಮಿರಜದಲ್ಲಿ ಒಂದು ಹೆಣ ತೋರಿಸಿದರು, ಅಪ್ಪ ಮುಖ ನೋಡಲಿಲ್ಲ, ಕಾಲಬೆರಳು ನೋಡಿ, ಇಕಿ ಅಲ್ಲ, ಎಂದು ಗೋಡೆ ಹಿಡಿದು ಕೂತುಬಿಟ್ಟ. ಬರುವ ಸೋಮವಾರ ಫೋಟೊಕ್ಕೆ ಮಾಲೆ ಹಾಕಿಬಿಡೋಣ ಎನ್ನುತ್ತಾನೆ ಅಣ್ಣ ಕಲ್ಮೇಶ, ಮುಂಜಾನೆಯೂ ಫೋನಿನಲ್ಲಿ ಅದೇ ಮಾತು — ತಂಗೀ, ಅಪ್ಪ ದಿನಾ ಜೀಪಿನ ಹಾದಿ ಕಾಯತಾನ, ಅವನ ಜೀವಕ್ಕ ಒಂದು ನಿಲುಗಡಿ ಬ್ಯಾಡೇನ, ನೀ ಒಬ್ಬಾಕಿ ಹೂಂ ಅಂದ್ರ ಪೂಜಾ ಮಾಡಾಕ ಅಯ್ಯಗೋಳಿಗೆ ಹೇಳತೀನಿ, ಊಟ ಆದ ಮ್ಯಾಲ ಫೋನ್ ಹಚ್ಚತೀನಿ, ವಿಚಾರ ಮಾಡು. ಏನು ವಿಚಾರ ಮಾಡಬೇಕಣ್ಣಾ, ಅವ್ವ ಇಲ್ಲೇ ಎಲ್ಲೋ ಒಲೆಯ ಮುಂದೆ ಕೂತಿದ್ದಾಳೆ, ಈ ರೊಟ್ಟಿ ಬಡಿದು ತಿಂಗಳೂ ಆಗಿರಲಿಕ್ಕಿಲ್ಲ, ಇನ್ನೂ ಹೊಸ ಜೋಳದ ವಾಸನೆ ಇದೆ! ಪುರಾಣ ಮುಗಿಯುವ ಮಂಗಲದ ದಾಸೋಹಕ್ಕೆ ಸುತ್ತಲಿನ ಊರೂರಿನಿಂದ ಈ ಉಟಗಿಗೆ ಬಂದು ಬಿದ್ದ ಖಡಕ್ ರೊಟ್ಟಿಯ ಗಂಟುಗಳಲ್ಲಿ ಒಂದು ಗಂಟು ಅವಳಿರುವ ಊರಿನದು, ಯಾವ ಊರು, ಯಾರ ಮನೆಯಲ್ಲಿದ್ದಾಳೆ, ಅಲ್ಲಿಯವರು ಅವಳಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೋ ಇಲ್ಲವೋ, ಯಾಕವ್ವಾ ಬರಲಿಲ್ಲ, ದಾರಿ ಮರೆತೆಯಾ, ನಮ್ಮನ್ನೇ ಮರೆತೆಯಾ, ಮರೆತರೆ ಹೆಬ್ಬೆರಳು ಹೇಗೆ ನೆನಪಿಟ್ಟಿತು — ಸಿಟ್ಟು ಬಂತು ರೂಪಾಲಿಗೆ, ಅದರ ಬೆನ್ನಿಗೇ ನಗು ಬಂತು, ಸಿಕ್ಕರೆ ಮೊದಲು ಜಗಳ, ಆಮೇಲೆ ಮಿಕ್ಕದ್ದು.

ದಾಸೋಹದ ರೊಟ್ಟಿ ಯಾರ ಮನೆಯದು ಎಂದು ಕೇಳಬಾರದು, ಬಡವರ ರೊಟ್ಟಿ ಸಾಹುಕಾರರ ರೊಟ್ಟಿ ಒಂದೇ ಬುಟ್ಟಿಗೆ ಬೀಳಬೇಕು, ಅದೇ ಅದರ ಪುಣ್ಯ. ಕೇಳುತ್ತಾಳೆ ಅವಳು, ಪಾಪ ಬಂದರೆ ಬರಲಿ. ರೊಟ್ಟಿ ಕೈಯಲ್ಲೇ ಹಿಡಿದು ಪಂಕ್ತಿಯಿಂದ ಎದ್ದಳು, ಏ ತಂಗೆವ್ವಾ ಹುಗ್ಗಿ ಬಂತು ಕುಂದ್ರು ಅಂದರು ಯಾರೋ, ಉಗ್ರಾಣದ ಕೋಣೆಯಲ್ಲಿ ಗಂಟು ಬಿಚ್ಚಿ ಬುಟ್ಟಿ ತುಂಬುತ್ತಿದ್ದವರು ರೇವಪ್ಪ ಕಾಕಾ, ಪಕ್ಕದಲ್ಲಿ ಇವಳ ಗಂಡನೂರು ಬೆಳುಂಕಿಯ, ಇವಳದೇ ಓಣಿಯ ಕೌಸರಕ್ಕ. ಕಾಕಾ, ಇದು ಯಾವ ಊರಿನ ಗಂಟಿನ್ಯಾಗಿಂದ್ರಿ? ರೇವಪ್ಪ ಕಾಕಾ ಮುಖ ಗಂಟಿಕ್ಕಿದರು, ಹಂಗ ಕೇಳಬಾರದವಾ. ಕೇಳಬೇಕ್ರಿ, ನಮ್ಮವ್ವನ ಕೈ ಐತ್ರಿ ಇದು, ನಮ್ಮವ್ವ ಅದಾಳ್ರಿ, ಎಲ್ಲೋ ಅದಾಳ — ಕಾಕಾ ಕೈಯಲ್ಲಿದ್ದ ಗಂಟು ಕೆಳಗಿಟ್ಟರು. ಕೌಸರಕ್ಕ ರೊಟ್ಟಿ ತೆಗೆದುಕೊಂಡು ಬೆಳಕಿಗೆ ಹಿಡಿದಳು, ತಿರುಗಿಸಿದಳು, ರೂಪಾಲಿಯ ಮುಖ ನೋಡಿದಳು, ಮತ್ತೆ ರೊಟ್ಟಿ ನೋಡಿದಳು, ಯಾಕೆ ಇಷ್ಟು ಹೊತ್ತು, ಹೇಳಬಾರದೇ ಊರಿನ ಹೆಸರು.

ರೂಪಾಲಿ, ಇದು ನಮ್ಮ ಬೆಳುಂಕಿ ಗಂಟಿಂದವಾ. ನಿಮ್ಮ ಪಡಸಾಲಿಯೊಳಗ ಕುಂತು ನೀ ಬಡದಿ, ನಾ ಬೇಯಿಸಿದ್ನಿ, ಮರತೇನ? ದಿನಾ ಹಿಂಗ ಒತ್ತತೀ ನೀ, ಇದೇನ ಚಾಳಿ ಅಂತ ನಾ ನಕ್ಕಿದ್ದಿಲ್ಲೇನ, ನಿನಗ ಕೇಳಿಸಿರಲಿಕ್ಕಿಲ್ಲ ಬಿಡು.

ಇಲ್ಲ, ನಾನು ಒತ್ತುವುದಿಲ್ಲ, ಅದು ಅವ್ವ, ನಾನು ಯಾವಾಗ ಒತ್ತಿದೆ, ಬಡಿಯುವಾಗ ಮನಸ್ಸು ಎಲ್ಲಿರುತ್ತದೆ, ಜತ್ತಿನ ಸ್ಟ್ಯಾಂಡಿನಲ್ಲಿರುತ್ತದೆ, ಜೀಪಿನಿಂದ ಇಳಿದು ಹೋಗುವ ಬೆನ್ನಿನ ಹಿಂದೆ ಇರುತ್ತದೆ, ಅಷ್ಟರಲ್ಲಿ ಕೈ ತನ್ನಷ್ಟಕ್ಕೆ ತಾನು — ಸೊಂಟದಲ್ಲಿ ಫೋನು ಬಾರಿಸುತ್ತಿದೆ, ಅಣ್ಣನದೇ, ಇನ್ಯಾರದು, ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ, ಕೌಸರಕ್ಕ ಬೆನ್ನ ಮೇಲೆ ಕೈಯಿಟ್ಟು ಕುಂದ್ರವಾ ಅನ್ನುತ್ತಿದ್ದಾಳೆ, ಕಾಕಾ ನೀರು ತರುತ್ತಿದ್ದಾರೆ, ಫೋನು ನಿಂತಿತು, ಮತ್ತೆ ಬಾರಿಸತೊಡಗಿತು, ರೂಪಾಲಿ ರೊಟ್ಟಿಯ ಅಂಚಿನ ಗುಳಿಯಲ್ಲಿ ತನ್ನ ಹೆಬ್ಬೆರಳು ಇಟ್ಟಳು, ಕೂತಿತು, ತೆಗೆದಳು, ಮತ್ತೆ ಇಟ್ಟಳು, ಕೂತಿತು.